ಹರಕೆ ತೀರಿಸುವ ಮುನ್ನ ಅಂಗಾಲು ನೋಡಿಕೊಳ್ಳಿ

ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ದಾವಣಗೆರೆಗೆ ವಾಪಸಾದವರ ಮನೆಗೆ ಬಂದವರೆಲ್ಲ ಹೇಳುವುದು ಒಂದೇ ಮಾತು: "ದೇವ್ರು ದೊಡ್ಡೋನು, ಎಲ್ಲಾ ಆರಾಮಾತಲ್ಲ ಬಿಡ್ರಿ." ಕೇಳಿಸಿಕೊಂಡವರು ಹೂಂ ಎನ್ನುತ್ತಾರೆ. ಆದರೆ ಕೀಮೋ ನಡೆಯುವಾಗ ಬಾರದ ಅಳು ಎಷ್ಟೋ ಜನರಿಗೆ ಅದು ಮುಗಿದ ಮೇಲೆ ಬರುತ್ತದೆ. ಚಿಕಿತ್ಸೆಯ ದಿನಗಳಲ್ಲಿ ರಕ್ತಪರೀಕ್ಷೆ, ಡ್ರಿಪ್, ರೇಡಿಯೇಶನ್ನಿನ ಸರದಿ ಎಂದು ದಿನಕ್ಕೊಂದು ಕೆಲಸವಿತ್ತು. ಈಗ ಮೂರು ತಿಂಗಳು ಬಿಟ್ಟು ಬನ್ನಿ ಎಂದು ಕಳಿಸಿದ್ದಾರೆ. ನಡುವಿನ 90 ದಿನ ಏನು ಮಾಡಬೇಕೆಂಬುದು ಡಿಸ್ಚಾರ್ಜ್ ಹಾಳೆಯಲ್ಲಿ ಇರುವುದಿಲ್ಲ. ನಾನು ಯಾಕೆ ಉಳಿದೆ, ಪಕ್ಕದ ಬೆಡ್ಡಿನಾಕೆ ಯಾಕೆ ಹೋದಳು ಎಂಬ ಪ್ರಶ್ನೆ ಎದ್ದು ಕೂರುವುದು ಆಗಲೇ.

ಇದನ್ನು ಮನೆಯವರು ಭಕ್ತಿಯ ಕೊರತೆ ಎಂದುಕೊಂಡು ಪೂಜೆ ಹೆಚ್ಚಿಸುತ್ತಾರೆ. ಲೆಕ್ಕ ತಪ್ಪುವುದು ಅಲ್ಲಿಯೇ. ಕಾಯಿಲೆ ಬಿದ್ದವರ ಆಧ್ಯಾತ್ಮಿಕ ಸ್ಥಿತಿ ತಿಳಿಯಲು ಫ್ಯಾಸಿಟ್-ಎಸ್‌ಪಿ ಎಂಬ ಪ್ರಶ್ನಾವಳಿ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ 12 ವಾಕ್ಯಗಳಿವೆ. ಕಳೆದ ಏಳು ದಿನಗಳಲ್ಲಿ ಪ್ರತಿಯೊಂದೂ ತನಗೆ ಎಷ್ಟು ನಿಜವಾಗಿತ್ತು ಎಂದು 0ಯಿಂದ 4ರವರೆಗೆ ಅಂಕ ಹಾಕಬೇಕು. ಆ 12ರೊಳಗೆ ಮೂರು ಎಳೆಗಳಿವೆ: ಬದುಕಿಗೆ ಅರ್ಥ, ಮನಸ್ಸಿಗೆ ನೆಮ್ಮದಿ, ನಂಬಿಕೆಯ ಆಸರೆ. ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿರುವುದೇನೆಂದರೆ, ರೋಗಿಯ ದಿನನಿತ್ಯದ ಬದುಕು ಎಷ್ಟು ಹಸನಾಗಿದೆ ಎಂಬುದಕ್ಕೂ ಮೊದಲ ಎರಡು ಎಳೆಗಳಿಗೂ ಇರುವ ನಂಟು ಮೂರನೆಯದಕ್ಕಿಂತ ಗಟ್ಟಿ. ಎರಡು ಹೊತ್ತು ಪೂಜೆ ಮಾಡುವವರಲ್ಲೂ ನೆಮ್ಮದಿಯ ಅಂಕ ಪಾತಾಳದಲ್ಲಿರಬಹುದು. ದೇವರ ಕೋಣೆಗೆ ಕಾಲಿಡದವರಲ್ಲೂ ಅರ್ಥದ ಅಂಕ ತುಂಬಿರಬಹುದು. ಹಾಗೆಂದು ನಂಬಿಕೆ ಬದಿಗಿಡಿ ಎಂದಲ್ಲ. ನಮ್ಮ ಸೀಮೆಯಲ್ಲಿ ಬಹಳ ಜನಕ್ಕೆ ಅರ್ಥವೂ ನೆಮ್ಮದಿಯೂ ಹರಕೆ, ತೇರು, ಲಿಂಗಪೂಜೆಯ ದಾರಿಯಲ್ಲೇ ಬರಬೇಕು. ಆ ದಾರಿಯಲ್ಲಿ ಎಲ್ಲೆಲ್ಲಿ ಮುಳ್ಳಿದೆ ಎಂಬುದನ್ನು ಮೊದಲು ನೋಡೋಣ.

ಆಪರೇಷನ್ನಿನ ಹಿಂದಿನ ರಾತ್ರಿ ಕಟ್ಟಿಕೊಂಡ ಹರಕೆ ಸಣ್ಣದಿರುವುದಿಲ್ಲ. ದುರ್ಗಮ್ಮನಿಗೆ ದೀಡು ನಮಸ್ಕಾರ, ನಾಯಕನಹಟ್ಟಿ ತೇರಿಗೆ ಬರಿಗಾಲ ನಡಿಗೆ, ಊರ ಜಾತ್ರೆಯಲ್ಲಿ ಕೆಂಡ ಹಾಯುವುದು. ಮೊದಲು ಅಂಗಾಲಿನ ಸಂಗತಿ. ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್, ಸಿಸ್ಪ್ಲಾಟಿನ್, ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿ ಪಡೆದ ಹಲವರಲ್ಲಿ ಕಾಲಿನ ನರ ಮಂಕಾಗುತ್ತದೆ. ಜೋಮು, ಉರಿ, ಹತ್ತಿಯ ಮೇಲೆ ನಡೆದಂತೆ ಅನಿಸುವುದು. ಕೊನೆಯ ಎರಡು ಔಷಧಿಗಳ ವಿಷಯದಲ್ಲಿ ಚಿಕಿತ್ಸೆ ನಿಂತ ಮೇಲೂ ಎರಡು ಮೂರು ತಿಂಗಳು ಜೋಮು ಏರುತ್ತಲೇ ಹೋಗಬಹುದು. ಹಾಗಾಗಿ "ಕೀಮೋ ಮುಗದು ಎರಡು ತಿಂಗಳಾತಲ್ಲ" ಎಂಬುದು ಧೈರ್ಯದ ಮಾತಲ್ಲ. ಇಂಥ ಕಾಲು ಕೆಂಡದ ಮೇಲಿಟ್ಟರೆ ಸುಡುತ್ತದೆ, ಆದರೆ ಸುಟ್ಟದ್ದು ಗೊತ್ತಾಗುವುದಿಲ್ಲ. ಮಾರ್ಚ್ ಬಿಸಿಲಿಗೆ ಕಾದ ಡಾಂಬರು ರಸ್ತೆಯೂ ಅಷ್ಟೇ. ಹೊಕ್ಕ ಜಾಲಿಮುಳ್ಳು ಕೀವಾದ ಮೇಲೆಯೇ ತಿಳಿಯುವುದು.

ಸಕ್ಕರೆ ಕಾಯಿಲೆಯವರ ಕಾಲಿಗೆ ಮಾಡುವ ಒಂದು ಸರಳ ಪರೀಕ್ಷೆ ಇಲ್ಲೂ ಉಪಯೋಗಕ್ಕೆ ಬರುತ್ತದೆ. ಕಣ್ಣು ಮುಚ್ಚಿ ಮಲಗಲಿ. ಇನ್ನೊಬ್ಬರು ತೋರುಬೆರಳಿನಿಂದ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೊಂದಾಗಿ, ಒಂದೆರಡು ಸೆಕೆಂಡು ಮುಟ್ಟಲಿ; ಒತ್ತಬಾರದು, ತಟ್ಟಬಾರದು, ಒಂದೇ ಜಾಗವನ್ನು ಎರಡು ಸಲ ಮುಟ್ಟಬಾರದು. ಮುಟ್ಟಿದಾಗ "ಎಡ", "ಬಲ" ಎಂದು ಹೇಳಬೇಕು. ಆರರಲ್ಲಿ ಎರಡು ತಪ್ಪಿದರೂ ಬರಿಗಾಲ ಹರಕೆ ಈ ವರ್ಷಕ್ಕೆ ಬೇಡ. ಎಲ್ಲ ಸರಿ ಹೇಳಿದರೂ ಕೆಂಡಕ್ಕೆ ನಮ್ಮ ಒಪ್ಪಿಗೆ ಇಲ್ಲ; ಈ ಪರೀಕ್ಷೆ ಮುಟ್ಟುವಿಕೆಯನ್ನು ತೋರಿಸುತ್ತದೆಯೇ ಹೊರತು ಬಿಸಿಯನ್ನಲ್ಲ. ಕಂಕುಳಿನ ಗಂಟು ತೆಗೆಸಿಕೊಂಡವರು, ಹೊಟ್ಟೆಯ ಆಪರೇಷನ್ ಆದವರು, ಮೂಳೆ ಸವೆದವರು ದೀಡು ನಮಸ್ಕಾರ, ಉರುಳು ಸೇವೆಗೆ ಮುನ್ನ ಶಸ್ತ್ರವೈದ್ಯರನ್ನು ಕೇಳಲೇಬೇಕು.

ಹರಕೆ ಬಾಕಿ ಇದೆ ಎಂಬ ಭಯವೇ ನೆಮ್ಮದಿ ತಿನ್ನುತ್ತಿದ್ದರೆ? ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಡಾಕ್ಟರು ರೋಗಿಯನ್ನೇ ಕಳೆದುಕೊಳ್ಳುತ್ತಾರೆ. ಪರಿಹಾರ ಸಂಪ್ರದಾಯದೊಳಗೇ ಇದೆ. ತಪ್ಪುಗಾಣಿಕೆ ಎಂಬ ಪದ ಹುಟ್ಟಿರುವುದೇ ಇಂಥ ಸಂದರ್ಭಕ್ಕೆ. ಹರಕೆ ಹೊತ್ತವರ ಪರವಾಗಿ ಮಗನೋ ತಮ್ಮನೋ ನಡೆಯಬಹುದು. ಪೂಜಾರಿಯ ಮುಂದೆ ನಿಂತು, "ತಾಯಿ, ಮೈಯಲ್ಲಿ ಕಸುವಿಲ್ಲ, ಇಷ್ಟಕ್ಕೆ ಒಪ್ಪಿಕೋ" ಎಂದು ಬಾಯಿಬಿಟ್ಟು ಹೇಳಿ ಕಾಣಿಕೆ ಹಾಕಬೇಕು. ಮನಸ್ಸಿನಲ್ಲೇ ಹೇಳಿಕೊಂಡರೆ ಬಾಕಿ ತೀರಿದ ಭಾವನೆ ಬರುವುದಿಲ್ಲ. ಹರಕೆಗೆ ಸಾಕ್ಷಿ ಬೇಕು. ಚಿಕಿತ್ಸೆಗೆ ಸಾಲ ಮಾಡಿದ ಮನೆಯಲ್ಲಿ ಕುರಿ ಕಡಿದು ಊರೂಟ ಹಾಕುವುದಕ್ಕೆ ಮಾತ್ರ ನಾವು ನೇರವಾಗಿ ಬೇಡ ಎನ್ನುತ್ತೇವೆ.

ಲಿಂಗಾಯತ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಪೂಜೆಯ ಹೊತ್ತಿಗೆ ಇಷ್ಟಲಿಂಗ ಇರುವುದು ಎಡ ಅಂಗೈಯಲ್ಲಿ. ಎಡ ಸ್ತನದ ಆಪರೇಷನ್ನಿನಲ್ಲಿ ಕಂಕುಳಿನ ಗಂಟುಗಳನ್ನೂ ತೆಗೆದಿದ್ದರೆ, ಕೈ ಎತ್ತಿ ಹಿಡಿದ ಐದೇ ನಿಮಿಷಕ್ಕೆ ಭುಜ ಸೋಲುತ್ತದೆ. ಪೂಜೆ ಅರ್ಧಕ್ಕೆ ನಿಂತದ್ದನ್ನು ಆಕೆ ತನ್ನ ಮನಸ್ಸಿನ ದೌರ್ಬಲ್ಯ ಎಂದು ಓದಿಕೊಳ್ಳುತ್ತಾಳೆ. ಅದು ಬರೀ ಭುಜದ ಬಿಗಿತ. ತೊಡೆಯ ಮೇಲೆ ಎರಡು ದಿಂಬು ಪೇರಿಸಿ ಮೊಣಕೈಗೆ ಆನಿಕೆ ಕೊಟ್ಟರೆ ಅಂಗೈ ಎದೆಯ ಮಟ್ಟದಲ್ಲಿ ನಿಲ್ಲುತ್ತದೆ. ಗಂಟು ತೆಗೆದ ಕಡೆಯ ಕೈಗೆ ಬಾವು ಬರುವುದುಂಟು; ಕೈ ಹಾಗೆ ಮೇಲಿದ್ದರೆ ಅದಕ್ಕೂ ಒಳ್ಳೆಯದು. ಬಾವಿನ ಸುಳಿವು ಮೊದಲು ಕೊಡುವುದು ಬಳೆ: ನಿನ್ನೆವರೆಗೆ ಸಲೀಸಾಗಿ ಜಾರುತ್ತಿದ್ದದ್ದು ಇವತ್ತು ಬಿಗಿಯಾದರೆ ಟೇಪು ತೆಗೆದು ಎರಡೂ ಕೈಯನ್ನು ಒಂದೇ ಜಾಗದಲ್ಲಿ ಅಳೆಯಿರಿ. ವ್ಯತ್ಯಾಸ 2 ಸೆಂ.ಮೀ. ದಾಟಿದರೆ ತಡಮಾಡದೆ ಆಸ್ಪತ್ರೆಗೆ ತೋರಿಸಿ. ಕೈ ಕೆಂಪಾಗಿ ಜ್ವರ ಬಂದರೆ ಅದೇ ದಿನ.

ಇನ್ನು "ಯಾವ ಜನ್ಮದ ಪಾಪವೋ" ಎಂಬ ಮಾತು. ಕಾರಣ, ಹೊಣೆ, ಶಿಕ್ಷೆ ಮೂರೂ ಇದರಲ್ಲಿ ಗಂಟು ಬಿದ್ದಿರುತ್ತವೆ. ಬಿಡಿಸಬೇಕಾದದ್ದು ಒಂದೊಂದಾಗಿ. ಗರ್ಭಕೊರಳಿನ ಕ್ಯಾನ್ಸರ್‌ಗೆ ಕಾರಣ ಎಚ್‌ಪಿವಿ ವೈರಾಣು. ಸಂಸಾರ ಮಾಡಿದ ಬಹುತೇಕರ ಮೈಗೆ ಅದು ಒಂದಲ್ಲ ಒಂದು ಕಾಲದಲ್ಲಿ ಬಂದು ಹೋಗಿರುತ್ತದೆ. ಇದರಲ್ಲಿ ಹೆಂಡತಿಯ ನಡತೆ ಹುಡುಕುವುದು ಅಜ್ಞಾನ. ಬಾಯಿ ಕ್ಯಾನ್ಸರಿನದು ಬೇರೆ ಕಥೆ. ಚನ್ನಗಿರಿ ಕಡೆ ಅಡಿಕೆ ಎಂದರೆ ಮಕ್ಕಳ ಫೀಸು, ಮನೆ ಕಟ್ಟಿದ ದುಡ್ಡು, ಎಷ್ಟೋ ಸಲ ಆಪರೇಷನ್ನಿನ ದುಡ್ಡೂ ಹೌದು. ತಂಬಾಕು ಸೇರದಿದ್ದರೂ ಅಡಿಕೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ನಿರ್ಣಯಿಸಿದ್ದು 2003ರಲ್ಲಿ. ಅನ್ನ ಕೊಟ್ಟದ್ದೇ ಹುಣ್ಣು ಕೊಟ್ಟಿತು ಎಂಬ ಸಂಕಟಕ್ಕೆ "ನಿಮ್ಮ ತಪ್ಪೇನಿಲ್ಲ ಬಿಡಿ" ಎಂಬ ಸಮಾಧಾನ ಅಂಟುವುದಿಲ್ಲ. ತಿಂದದ್ದು ಅವರಿಗೆ ಗೊತ್ತಿದೆ. ತಿಂದೆ, ಬಿಟ್ಟೆ ಎಂದು ಒಪ್ಪಿಕೊಳ್ಳಲಿ. ಶಿಕ್ಷೆಯ ಮಾತು ಕೈಬಿಡಲಿ. ಹೊಣೆಗೆ ಕೈಯಿಂದಾಗುವ ಒಂದು ಕೆಲಸ ಸಿಗಲಿ. ಉದಾಹರಣೆಗೆ, ಸುಲಿಯುವ ಹಂಗಾಮಿನಲ್ಲಿ ಬಂದ ಆಳುಗಳಿಗೆ ಬಾಯಿ ತೆರೆದು ತಮ್ಮದೇ ಮೂರು ಬೆರಳು ನೆಟ್ಟಗೆ ನಿಲ್ಲಿಸಿ ನೋಡಲು ಹೇಳಿಕೊಡುವುದು. ಬೆರಳು ಹೋಗದವರನ್ನು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದವರನ್ನು, ಮೂರು ವಾರವಾದರೂ ಮಾಯದ ಹುಣ್ಣಿನವರನ್ನು ದಂತವೈದ್ಯರ ಬಳಿ ಕಳಿಸುವುದು. ಈ ಮಾತನ್ನು ಕ್ಯಾನ್ಸರ್ ಗೆದ್ದವರ ಬಾಯಲ್ಲಿ ಕೇಳಿದಷ್ಟು ಗಂಭೀರವಾಗಿ ನಮ್ಮ ಬಾಯಲ್ಲಿ ಯಾರೂ ಕೇಳುವುದಿಲ್ಲ.

ಅರ್ಥ ಹುಡುಕುವುದಕ್ಕೇ ಒಂದು ಕ್ರಮಬದ್ಧ ಚಿಕಿತ್ಸೆ ಇದೆ. ನ್ಯೂಯಾರ್ಕಿನ ಮನೋವೈದ್ಯ ವಿಲಿಯಂ ಬ್ರೈಟ್‌ಬಾರ್ಟ್ ಬಳಗ ರೂಪಿಸಿದ್ದು, ಗುಂಪಿನಲ್ಲಾದರೆ ಎಂಟು ಭೇಟಿ. ನೆದರ್ಲೆಂಡ್ಸ್‌ನವರು ಅದನ್ನು ಗುಣಮುಖರಾದವರಿಗೆ ಹೊಂದಿಸಿಕೊಂಡಿದ್ದಾರೆ. ಅದರ ತಿರುಳಾದ ನಾಲ್ಕು ಪ್ರಶ್ನೆಗಳನ್ನು ಮನೆಯಲ್ಲೇ ವಾರಕ್ಕೊಂದರಂತೆ ಎತ್ತಿಕೊಳ್ಳಬಹುದು: ಹಿರಿಯರಿಂದ ನನಗೆ ಬಂದದ್ದೇನು, ನನ್ನಿಂದ ಮುಂದಕ್ಕೆ ಹೋಗುವುದೇನು? ತಪ್ಪಿಸಲಾಗದ ಕಷ್ಟ ಬಂದಾಗ ನಾನು ಹೇಗೆ ನಿಂತೆ? ನನ್ನ ಕೈಯಿಂದ ಆದದ್ದೇನು? ಯಾವ ಪ್ರೀತಿ, ಯಾವ ಚೆಲುವು, ಯಾವ ನಗು ನನ್ನನ್ನು ಹಿಡಿದಿಟ್ಟಿತು? ಒಂದು ಸಲಕ್ಕೆ ಇಪ್ಪತ್ತು ನಿಮಿಷ ಸಾಕು. ಬರೆಯಲು ಬಾರದ ಅಜ್ಜಿ ಮೊಮ್ಮಗಳ ಮೊಬೈಲಿನಲ್ಲಿ ಮಾತಾಡಲಿ. ಎಡವುವುದು ಉತ್ತರ ದೊಡ್ಡದಾದಾಗ. "ಇನ್ಮೇಲೆ ಸಮಾಜಸೇವೆ ಮಾಡ್ತೀನಿ" ಎಂದವರು ಎರಡೇ ವಾರಕ್ಕೆ ಸುಸ್ತಾಗಿ ತಮ್ಮನ್ನೇ ಬೈದುಕೊಳ್ಳುತ್ತಾರೆ. ಈ ವಾರ, ಈಗಿರುವ ಮೈಯಲ್ಲಿ, ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸವಾಗಿರಲಿ.

ಮನೆಯವರೂ ಇಲ್ಲಿ ಒಳ್ಳೆಯ ಮನಸ್ಸಿನಿಂದಲೇ ಕೆಡಿಸುತ್ತಾರೆ. "ನೀ ಸುಮ್ನೆ ಕುಂತ್ಕಾ ಅಕ್ಕಾ" ಎಂದು ಎಲ್ಲ ಕೆಲಸ ಕಿತ್ತುಕೊಳ್ಳುತ್ತಾರೆ. ಆಕೆ ಮಾಡದಿದ್ದರೆ ನಿಂತುಹೋಗುವಂಥ ಒಂದಾದರೂ ಕೆಲಸ ವಾಪಸ್ ಕೊಡಿ. ಹಾಲಿನ ಲೆಕ್ಕವಾದರೂ ಸರಿ.

ತಪಾಸಣೆಯ ಹಿಂದಿನ ವಾರ ಭಯ ಉಕ್ಕುವುದು ಸಹಜ. ನಂಬಿಕೆ ಕುಸಿಯಿತೆಂದು ಅರ್ಥವಲ್ಲ. ಚಿಂತೆಗೆಂದೇ ಸಂಜೆ ಹದಿನೈದು ನಿಮಿಷ ಗೊತ್ತುಮಾಡಿ, ಆಮೇಲೆ ಕುಂದವಾಡ ಕೆರೆಯ ಏರಿ ಮೇಲೆ ಒಂದು ಸುತ್ತು ಹೋಗಿಬನ್ನಿ. ಚಿತ್ರದುರ್ಗದವರು ಕೋಟೆಯ ಮೆಟ್ಟಿಲು ಬಿಟ್ಟು ಸಮನಾದ ದಾರಿ ಆರಿಸಿಕೊಳ್ಳಲಿ, ಕೀಮೋದ ಸುಸ್ತು ತಿಂಗಳುಗಟ್ಟಲೆ ಇರುತ್ತದೆ. ಆದರೆ ಎರಡು ವಾರ ಸತತವಾಗಿ ಯಾವುದರಲ್ಲೂ ಆಸೆ ಇಲ್ಲ, ನಿದ್ದೆ ಇಲ್ಲ, ಉಳಿದದ್ದೇ ತಪ್ಪಾಯಿತು ಎನ್ನುವ ಮಾತು ಬಂದರೆ ಅದು ಖಿನ್ನತೆ ಇರಬಹುದು. ಜಪಕ್ಕೆ ಬಿಟ್ಟು ಕಾಯಬೇಡಿ; ಸಾಯುವ ಮಾತು ಬಂದರಂತೂ ಎರಡು ವಾರವೂ ಕಾಯಬೇಡಿ. ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಊಟದ ವಿಷಯ ಸಣ್ಣದೆಂದು ಬಿಡುವವರೇ ಹೆಚ್ಚು. ಬಾಯಿಗೆ ರೇಡಿಯೇಶನ್ ಆದವರಿಗೆ ಜೊಲ್ಲು ಕಡಿಮೆ, ಖಾರ ತಾಗಿದರೆ ಬೆಂಕಿ. ಸಂಜೆ ಎಲ್ಲರೂ ಮಂಡಕ್ಕಿ ಮಿರ್ಚಿ ಸುತ್ತ ಕೂತಾಗ ಅವರು ಒಳಕೋಣೆ ಸೇರುತ್ತಾರೆ. ಒಣಮಂಡಕ್ಕಿ ಅಂಗುಳಕ್ಕೆ ಅಂಟುತ್ತದೆ. ನೆನೆಸಿ ಹಿಂಡಿ, ಮೆಣಸಿನಕಾಯಿ ಹಾಕದೆ ಒಗ್ಗರಣೆ ಕೊಟ್ಟರೆ ಇಳಿಯುತ್ತದೆ, ಪಕ್ಕದಲ್ಲಿ ಹುಳಿಯಿಲ್ಲದ ಮಜ್ಜಿಗೆ ಇರಲಿ. ಬೆಣ್ಣೆ ದೋಸೆಯಾದರೆ ಗರಿಗರಿ ಅಂಚು ಬಿಟ್ಟು ನಡುವಿನದು. ಮಿರ್ಚಿ ತಟ್ಟೆಯನ್ನು ಅವರಿಂದ ಬಚ್ಚಿಡಬೇಡಿ, ಅವರ ಕೈಯಿಂದಲೇ ಎಲ್ಲರಿಗೂ ಹಂಚಿಸಿ.