ಎರಡು ಸಿಮ್ ಇದ್ದರೆ ಸಾಕಾ?

2038ರ ಜನವರಿ 19, ಮಂಗಳವಾರ, ಬೆಳಗ್ಗೆ 8 ಗಂಟೆ 44 ನಿಮಿಷ. ಕೊಡಗಿನಲ್ಲಿ ಆಗ ರೋಬಸ್ಟಾ ಕಾಫಿ ಕೊಯ್ಲಿನ ಭರಾಟೆ. ಲೈನ್ ಮನೆಗಳಿಂದ ಕೆಲಸದವರು ಚೀಲ ಹಿಡಿದು ತೋಟಕ್ಕೆ ಇಳಿದಿರುತ್ತಾರೆ. ಆ ನಿಮಿಷದ ಏಳನೇ ಸೆಕೆಂಡು ದಾಟಿದ ಕೂಡಲೇ ಜಗತ್ತಿನ ಕೆಲವು ಹಳೆಯ ಕಂಪ್ಯೂಟರ್‌ಗಳ ಲೆಕ್ಕದಲ್ಲಿ ಇಸವಿ 1901 ಆಗಿಬಿಡುತ್ತದೆ. ಹೀಗೆ ಕಂಪ್ಯೂಟರು, ಕರೆಂಟು, ಫೋನು ಕೈಕೊಟ್ಟ ದಿನಕ್ಕೆ ಮನೆಯಲ್ಲಿ ಏನು ಸಿದ್ಧ ಇರಬೇಕು ಅನ್ನುವುದೇ ಇಲ್ಲಿನ ಮಾತು.

ಯೂನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯ ಮಾದರಿಯ ಕಂಪ್ಯೂಟರ್‌ಗಳು 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಕಳೆಯಿತು ಎಂದು ಎಣಿಸಿ ಹೊತ್ತು ಹೇಳುತ್ತವೆ. ಹಳೆಯವುಗಳಲ್ಲಿ ಆ ಎಣಿಕೆಗೆ ಇರುವ ಜಾಗ 32 ಬಿಟ್, ಅಂದರೆ ಸೊನ್ನೆ ಅಥವಾ ಒಂದು ಬರೆಯುವ 32 ಮನೆ ಮಾತ್ರ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಹಳೇ ಜೀಪಿನ ಮೀಟರು 99,999 ಕಿಲೋಮೀಟರ್ ಮುಗಿಸಿ ಮತ್ತೆ ಮೊದಲಿಗೆ ತಿರುಗುವ ಹಾಗೆ ಈ ಎಣಿಕೆಯೂ ತುಂಬಿದ ಮೇಲೆ ಹಿಂದಕ್ಕೆ ಹಾರುತ್ತದೆ. ಸೊನ್ನೆಗೂ ನಿಲ್ಲುವುದಿಲ್ಲ, ಋಣ ಸಂಖ್ಯೆಗೆ ಹೋಗುತ್ತದೆ. ಹಾಗಾಗಿ 1970ಕ್ಕಿಂತಲೂ ಹಿಂದಿನ ತಾರೀಕು ಬರುತ್ತದೆ. ಈಗಿನ ಫೋನು, ಕಂಪ್ಯೂಟರ್‌ಗಳಲ್ಲಿ ಹೆಚ್ಚಿನವು 64 ಬಿಟ್‌ಗೆ ಬಂದಾಗಿದೆ. ಚಿಂತೆ ಇರುವುದು ಎಲ್ಲೋ ಕಂಟ್ರೋಲ್ ಪೆಟ್ಟಿಗೆಯೊಳಗೆ ಕೂತು, ವರ್ಷಗಟ್ಟಲೆ ಯಾರೂ ಮುಟ್ಟದ ಸಣ್ಣ ಯಂತ್ರಗಳ ಬಗ್ಗೆ.

ಇಂಥದ್ದೇ ಭಯವನ್ನು ನಾವು ಒಮ್ಮೆ ನೋಡಿದ್ದೇವೆ. ಅದು ವೈಟುಕೆ. ಜಾಗ ಉಳಿಸಲು ಇಸವಿಯ ಕೊನೆಯ ಎರಡೇ ಅಂಕಿ ಬರೆಯುತ್ತಿದ್ದ ಕಂಪ್ಯೂಟರ್‌ಗಳು 2000ವನ್ನು 1900 ಎಂದು ತಿಳಿಯಬಹುದು ಅನ್ನುವ ಆತಂಕ. ಅಮೆರಿಕದಲ್ಲಿ ಜನ ಡಬ್ಬಿ ಊಟ, ನೀರು, ಜನರೇಟರ್ ಕೊಂಡಿಟ್ಟರು. ಎಲ್ಲರೂ ಒಟ್ಟಿಗೆ ನಗದು ಕೇಳಿದರೆ ಕಷ್ಟ ಎಂದು ಅಲ್ಲಿನ ಕೇಂದ್ರ ಬ್ಯಾಂಕು ಹೆಚ್ಚುವರಿ ನೋಟು ಸಿದ್ಧ ಮಾಡಿಟ್ಟಿತು. ಜನವರಿ 1 ಬಂತು, ದೊಡ್ಡದೇನೂ ಆಗಲಿಲ್ಲ. ಸುಮ್ನೆ ಹೆದರಿಸಿದರು ಎಂದು ಈಗಲೂ ಹೇಳುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನವರೂ ಸೇರಿ ಸಾವಿರಾರು ಮಂದಿ ವರ್ಷಗಟ್ಟಲೆ ಕೂತು ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯ ಪ್ರೋಗ್ರಾಂಗಳನ್ನು ಸಾಲುಸಾಲಾಗಿ ತಿದ್ದಿದ್ದಕ್ಕೇ ಏನೂ ಆಗಲಿಲ್ಲ. ಕಣ್ತಪ್ಪಿದ ಕಡೆ ಪೆಟ್ಟು ಬಿತ್ತು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಗರ್ಭಿಣಿಯರ ವಯಸ್ಸಿನ ಲೆಕ್ಕ ತಪ್ಪಿ, ಮಗುವಿಗೆ ಡೌನ್ ಸಿಂಡ್ರೋಮ್ ಎಂಬ ಹುಟ್ಟಿನಿಂದಲೇ ಬರುವ ಬೆಳವಣಿಗೆಯ ತೊಂದರೆ ಇರುವ ಸಾಧ್ಯತೆ ಎಷ್ಟು ಅನ್ನುವ ಪರೀಕ್ಷೆಯ ಫಲಿತಾಂಶವೇ ಹಲವರಿಗೆ ತಪ್ಪಾಗಿ ಹೋಯಿತು.

ತಾರೀಕು ಹೇಳಿ ಬರುವ ತೊಂದರೆಗೆ ಸಿದ್ಧವಾಗಲು ಸಮಯ ಸಿಗುತ್ತದೆ. ಹೇಳದೆ ಬರುವುದೇ ಕಷ್ಟ. 2024ರ ಜುಲೈ 19ರಂದು ಭದ್ರತಾ ಸಾಫ್ಟ್‌ವೇರ್ ಒಂದರ ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನಿಂತುಹೋದವು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಎರಡರಲ್ಲೂ ಹಾಡುಹಗಲೇ ಕರೆಂಟು ಹೋಯಿತು. ಕಾರ್ಡ್ ನಡೆಯಲಿಲ್ಲ. ಬ್ಯಾಟರಿ ರೇಡಿಯೊಗೆ ಅಂಗಡಿಗಳಲ್ಲಿ ಜನ ಮುಗಿಬಿದ್ದರು.

ನಮಗೂ ಇದು ದೂರದ ಮಾತಲ್ಲ. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಭಾರತದ ವಿದ್ಯುತ್ ಜಾಲ ಕುಸಿದು 60 ಕೋಟಿಗೂ ಜಾಸ್ತಿ ಜನ ಕತ್ತಲಲ್ಲಿದ್ದರು. ನಮಗೆ ಆಗ ಏನೂ ಆಗಲಿಲ್ಲ. ದಕ್ಷಿಣದ ಜಾಲ ಆಗಿನ್ನೂ ಉಳಿದದ್ದರ ಜೊತೆ ಒಂದೇ ತಾಳದಲ್ಲಿ ಓಡುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಲೈನ್ ಮೂಲಕ ಅದೂ ಸೇರಿತು. ಒಟ್ಟಿಗಿದ್ದರೆ ಕೊರತೆ ಆದಾಗ ಬೇರೆ ಕಡೆಯ ವಿದ್ಯುತ್ ಸಿಗುತ್ತದೆ. ಎಲ್ಲೋ ಬಿದ್ದ ಪೆಟ್ಟು ಇಲ್ಲಿಗೂ ತಲುಪಬಹುದು.

ಮನೆ ಸಾಮಾನಿನ ವಿಷಯದಲ್ಲಿ ಕೊಡಗಿನವರಿಗೆ ಹೇಳಿಕೊಡುವ ಅಗತ್ಯ ಇಲ್ಲ. ಜುಲೈ-ಆಗಸ್ಟ್‌ನ ಕಕ್ಕಡದ ಮಳೆಗೆ ಮುಂಚೆ ಸೌದೆ ಒಣಗಿಸಿ ಒಳಗಿಡುವುದು, ಅಕ್ಕಿ, ಬೇಳೆ, ಒಣಮೀನು, ಉಪ್ಪಿನಕಾಯಿ ಕೂಡಿಡುವುದು ಇಲ್ಲಿ ಹಿಂದಿನಿಂದ ಬಂದ ರೂಢಿ. ಅದು ಎಲ್ಲ ತೊಂದರೆಗೂ ಆಗುತ್ತದೆ. ನಾವು ಇನ್ನೂ ಕಲಿಯಬೇಕಾದ್ದು ದುಡ್ಡು ಮತ್ತು ಸುದ್ದಿಯ ವಿಷಯ. ಇವೆರಡೂ ಈಗ ಒಂದೇ ಫೋನಿನೊಳಗೆ ಬಂದು ಕೂತಿವೆ.

ಎಂಜಿನಿಯರ್‌ಗಳು ಇಂಥ ಕಡೆ ಮೊದಲು ಕೇಳುವ ಪ್ರಶ್ನೆ ಒಂದಿದೆ. ಬದಲಿ ವ್ಯವಸ್ಥೆ ಇದೆಯಾ ಅನ್ನುವುದಷ್ಟೇ ಸಾಲದು. ಎರಡೂ ಒಂದೇ ಕಾರಣಕ್ಕೆ ಕೆಡುತ್ತವೆಯಾ? 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದಾಗ ರಸ್ತೆ, ಕರೆಂಟು, ಫೋನು ಎಲ್ಲಕ್ಕೂ ಒಟ್ಟಿಗೇ ಹೊಡೆತ ಬಿತ್ತು. ಈ ಪ್ರಶ್ನೆಯನ್ನು ನಿಮ್ಮ ಜೇಬಿನಲ್ಲಿರುವ ಎರಡು ಸಿಮ್‌ಗೇ ಕೇಳಿ ನೋಡಿ. ಕಂಪನಿ ಬೇರೆ ಬೇರೆ, ಸರಿ. ಆದರೆ ಎರಡೂ ಕಂಪನಿಯ ಆಂಟೆನಾ ಒಂದೇ ಟವರಿನ ಮೇಲೆ ಇರಬಹುದು. ಟವರಿನ ಬುಡದಲ್ಲಿ ಬ್ಯಾಟರಿ ಇರುತ್ತದೆ, ಅದು ಕೆಲವೇ ಗಂಟೆ ತಾಳುತ್ತದೆ. ಆಮೇಲೆ ಡೀಸೆಲ್ ಜನರೇಟರ್ ಓಡಬೇಕು. ಮರ ಬಿದ್ದು ದಾರಿ ಮುಚ್ಚಿದರೆ ಡೀಸೆಲ್ ತರುವವರೇ ಇಲ್ಲ. ಟವರಿನಿಂದ ಹೊರಡುವ ಫೈಬರ್ ಕೇಬಲ್ ಬಹಳ ಕಡೆ ಅದೇ ರಸ್ತೆಯ ಅಂಚಿನಲ್ಲಿ ಹೋಗಿರುತ್ತದೆ. ರಸ್ತೆ ಜಾರಿದರೆ ಕೇಬಲ್ಲೂ ಜಾರುತ್ತದೆ. ಕೈಯಲ್ಲಿ ಎರಡು ಸಿಮ್ ಇದ್ದರೂ ದಾರಿ ಒಂದೇ ಆಯಿತು ಅಲ್ವಾ?

ದುಡ್ಡು ಕಳಿಸುವ ಆ್ಯಪ್‌ಗಳ ಕಥೆಯೂ ಇದೇ. ಮೂರು ಆ್ಯಪ್ ಹಾಕಿಕೊಂಡರೂ ಯುಪಿಐ ಹಣ ಹೋಗುವುದು ರಾಷ್ಟ್ರೀಯ ಪಾವತಿ ನಿಗಮದ ಅದೇ ಕೇಂದ್ರದ ಮೂಲಕ. 2025ರ ಮಾರ್ಚ್, ಏಪ್ರಿಲ್‌ನಲ್ಲಿ ಯುಪಿಐ ಕೈಕೊಟ್ಟಾಗ ಆ್ಯಪ್ ಬದಲಿಸಿ ಪ್ರಯೋಜನ ಇರಲಿಲ್ಲ. ಫೋನಿನಲ್ಲಿ *99# ಒತ್ತಿದರೆ ಇಂಟರ್ನೆಟ್ ಇಲ್ಲದೆಯೂ 5,000 ರೂಪಾಯಿವರೆಗೆ ಕಳಿಸಬಹುದು. ಮಾತಿಗೆ ಸಿಗ್ನಲ್ ಇದ್ದು ಡೇಟಾ ಮಾತ್ರ ಹೋದ ದಿನ ಅದು ಕೆಲಸಕ್ಕೆ ಬರುತ್ತದೆ. ಅದೂ ಯುಪಿಐ ಕೇಂದ್ರವನ್ನೇ ನಂಬಿರುವುದರಿಂದ ಕೇಂದ್ರವೇ ನಿಂತರೆ ಅದೂ ನಿಲ್ಲುತ್ತದೆ. ಫೋನು, ಜಾಲ ಯಾವುದನ್ನೂ ನಂಬದೆ ಬೇರೆಯೇ ದಾರಿಯಲ್ಲಿ ನಡೆಯುವುದು ಕೈಯಲ್ಲಿರುವ ನೋಟು.

ಒಂದು ಮಾತು ಸ್ಪಷ್ಟ ಇರಲಿ. ಕಂಪ್ಯೂಟರ್ ನಿಂತಿತು ಅಂದಕೂಡಲೇ ಖಾತೆಯ ದುಡ್ಡು ಮಾಯವಾಗುವುದಿಲ್ಲ. ಬ್ಯಾಂಕುಗಳು ಲೆಕ್ಕದ ಪ್ರತಿಯನ್ನು ದೂರದ ಇನ್ನೊಂದು ಊರಿನಲ್ಲೂ ಇಟ್ಟಿರುತ್ತವೆ. ಮುಚ್ಚುವುದು ದುಡ್ಡಿನ ಹತ್ತಿರ ಹೋಗುವ ದಾರಿ, ಅದೂ ಸ್ವಲ್ಪ ದಿನದ ಮಟ್ಟಿಗೆ. ಹಾಗಾಗಿ ಎಫ್‌ಡಿ ಮುರಿದು ಲಕ್ಷಗಟ್ಟಲೆ ಮನೆಯಲ್ಲಿ ತಂದಿಡಬೇಡಿ. ಕಳ್ಳತನದ ಭಯ, ಬೆಂಕಿಯ ಭಯ, ನಮ್ಮ ಮಳೆಗಾಲದಲ್ಲಂತೂ ನೋಟಿಗೂ ಬೂಷ್ಟು ಹಿಡಿಯುತ್ತದೆ. ನನ್ನ ಪ್ರಕಾರ ಮನೆಗೆ ಎರಡು ವಾರದ ಖರ್ಚು, ತೋಟ ಇರುವವರಿಗೆ ಅದರ ಮೇಲೆ ಕೆಲಸದವರಿಗೆ ಕೊಡುವ ಒಂದು ವಾರದ ಬಟವಾಡೆ ಸಾಕು. ಗಾಳಿಯಾಡದ ಡಬ್ಬಿಯಲ್ಲಿಡಿ. ಹತ್ತು, ಇಪ್ಪತ್ತು, ಐವತ್ತು, ನೂರರ ನೋಟುಗಳೇ ಜಾಸ್ತಿ ಇರಲಿ. ಸಂತೆಯಲ್ಲಿ ಎಲ್ಲರೂ ಐನೂರರ ನೋಟು ಚಾಚಿದರೆ ಚಿಲ್ಲರೆ ಕೊಡುವವರು ಯಾರು?

ಅದನ್ನೂ ತಿಂಗಳಿಗೆ ಸ್ವಲ್ಪ ಸ್ವಲ್ಪ ಸೇರಿಸಿ. ಗಾಳಿಸುದ್ದಿ ಎದ್ದ ದಿನ ಎಲ್ಲರೂ ಎಟಿಎಂ ಮುಂದೆ ನಿಂತರೆ ಯಂತ್ರ ಕೆಡದಿದ್ದರೂ ದುಡ್ಡು ಖಾಲಿಯಾಗುತ್ತದೆ. ನಾವು ಇಟ್ಟ ಠೇವಣಿಯ ಬಹುಪಾಲು ಸಾಲವಾಗಿ ಹೊರಗೆ ಹೋಗಿರುತ್ತದೆ. ಎಲ್ಲರಿಗೂ ಒಂದೇ ದಿನ ಕೊಡುವಷ್ಟು ನೋಟು ಯಾವ ಶಾಖೆಯಲ್ಲೂ ಇರುವುದಿಲ್ಲ.

ತೋಟಗಳಲ್ಲಿ ಈಗ ಅಸ್ಸಾಂ, ಬಂಗಾಳದಿಂದ ಬಂದವರು ಬಹಳ. ಅವರ ದುಡಿಮೆ ಇರುವುದು ಫೋನಿನಲ್ಲಿ. ಇಲ್ಲಿ ಕೈಸಾಲ ಕೊಡುವ ನೆಂಟರಿಲ್ಲ, ಗುರುತಿನ ಅಂಗಡಿಯಲ್ಲಿ ಸಾಲದ ಪುಸ್ತಕವೂ ಇಲ್ಲ. ವ್ಯವಸ್ಥೆ ಕೆಟ್ಟರೆ ಮೊದಲು ಹಸಿಯುವವರು ಅವರು. ಬಟವಾಡೆಯ ನಗದು ಇಟ್ಟುಕೊಳ್ಳಿ ಅನ್ನುವುದಕ್ಕೆ ನನಗೆ ಇದೇ ದೊಡ್ಡ ಕಾರಣ.

ಇನ್ನು ಕರೆಂಟು. ಸಾಮಾನ್ಯ ಮನೆಯ ಇನ್ವರ್ಟರ್‌ಗೆ 12 ವೋಲ್ಟಿನ, 150 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಗುಣಿಸಿದರೆ 1,800 ವಾಟ್-ಅವರ್, ಅಂದರೆ ಒಂದು ವಾಟಿನ ದೀಪ 1,800 ಗಂಟೆ ಉರಿಯುವಷ್ಟು. ಸೋರಿಕೆ ಕಳೆದು, ಬ್ಯಾಟರಿ ಪೂರ್ತಿ ಬರಿದಾಗದಂತೆ ನೋಡಿಕೊಂಡರೆ ಸಿಗುವುದು ಸುಮಾರು 1,200. ಒಂಬತ್ತು ವಾಟಿನ ಎರಡು ಎಲ್‌ಇಡಿ ಬಲ್ಬು, ಒಂದು ಫೋನು ಅಂತ ಬಿಗಿ ಹಿಡಿದರೆ ಮೂರ್ನಾಲ್ಕು ದಿನದ ಸಂಜೆಗಳಿಗೆ ಧಾರಾಳ. ಅದಕ್ಕೇ ಟಿವಿ, ಫ್ರಿಜ್ ಸೇರಿಸಿದರೆ ಒಂದು ದಿನವೂ ಬರುವುದಿಲ್ಲ. ಮಾಡಿನ ಮೇಲೆ ಸೋಲಾರ್ ಇದೆಯಲ್ಲ ಎಂದು ಕೆಲವರು ನಿಶ್ಚಿಂತೆಯಿಂದ ಇದ್ದಾರೆ. ಬ್ಯಾಟರಿ ಇಲ್ಲದೆ ನೇರ ಲೈನಿಗೆ ಜೋಡಿಸಿದ ಸೋಲಾರ್ ಆದರೆ ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ಆಫ್ ಆಗುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯ ಕರೆಂಟು ಹೊಡೆಯಬಾರದು ಎಂದೇ ಹಾಗೆ ಮಾಡಿದ್ದಾರೆ. ನಿಮ್ಮದು ಯಾವ ಬಗೆ ಎಂದು ಹಾಕಿಕೊಟ್ಟವರನ್ನು ಈಗಲೇ ಕೇಳಿ.

ಸುದ್ದಿಗೆ ಸೆಲ್ ಹಾಕುವ ಸಣ್ಣ ರೇಡಿಯೊ ಇರಲಿ. ಆಕಾಶವಾಣಿ ಮಡಿಕೇರಿ ಕೇಳಲು ಇಂಟರ್ನೆಟ್ ಬೇಡ. ಪಾಸ್‌ಬುಕ್ಕಿಗೆ ತಿಂಗಳಿಗೊಮ್ಮೆ ಎಂಟ್ರಿ ಹಾಕಿಸಿ. ಪಹಣಿ, ಸಾಲದ ಪತ್ರ, ವಿಮೆ ಇವುಗಳ ಕಾಗದದ ಪ್ರತಿ ಒಂದು ಮನೆಯಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಹತ್ತಿರ ಇರಲಿ. ಎರಡೂ ಪ್ರತಿ ಒಂದೇ ಬೀರುವಿನಲ್ಲಿದ್ದರೆ ಎರಡು ಸಿಮ್‌ನ ಕಥೆಯೇ ಆಗುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಚಿಂತೆ ತೋಟದ ಮನೆಗಳಲ್ಲಿ ಒಂಟಿಯಾಗಿರುವ ಹಿರಿಯರದು. ಮಕ್ಕಳು ಬೆಂಗಳೂರಿನಲ್ಲೋ ಸೈನ್ಯದಲ್ಲೋ ಇರುತ್ತಾರೆ. ಫೋನಿನಲ್ಲೇ ಕ್ಯಾಮೆರಾ ನೋಡುತ್ತಾರೆ, ಮಾತ್ರೆ ತರಿಸುತ್ತಾರೆ, ಗ್ಯಾಸ್ ಬುಕ್ ಮಾಡುತ್ತಾರೆ. ಜಾಲ ಹೋದ ದಿನ ಇಷ್ಟೂ ಒಟ್ಟಿಗೇ ಹೋಗುತ್ತದೆ. ಇದಕ್ಕೆ ಯಂತ್ರದ ಪರಿಹಾರ ಬೇಡ. ಒಂದು ಹಗಲು, ಒಂದು ರಾತ್ರಿ ಫೋನ್ ಸಿಗದಿದ್ದರೆ ಯಾರು ಹೋಗಿ ನೋಡುತ್ತಾರೆ ಎಂದು ನೆರೆಮನೆಯವರ ಜೊತೆ ಈಗಲೇ ಮಾತಾಡಿಕೊಳ್ಳಿ. ಮಾತ್ರೆಗಳ ಹೆಸರು, ಡಾಕ್ಟರ ಹೆಸರು, ನಾಲ್ಕು ಜನರ ನಂಬರು ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ದಿನಾ ಮಾತ್ರೆ ತಿನ್ನುವವರ ಹತ್ತಿರ ಯಾವಾಗಲೂ ಮೂರು ವಾರಕ್ಕೆ ಆಗುವಷ್ಟು ಇರಲಿ. ಡಬ್ಬಿ ಖಾಲಿಯಾಗುವವರೆಗೆ ಕಾಯದೆ ಅರ್ಧ ಇರುವಾಗಲೇ ತರಿಸಿ.