ಬಡಾವಣೆಯಿಂದ ಪೇಟೆಗೆ: ಬೆಂಗಳೂರಿನ ನಡುಭಾಗ ಜನರನ್ನು ಕಳೆದುಕೊಂಡದ್ದು, ಮತ್ತೆ ಕರೆದದ್ದು

ಭಾನುವಾರದ ಸಂಜೆ ಚರ್ಚ್ ಸ್ಟ್ರೀಟ್‌ನಲ್ಲಿ ಕಾಲಿಡಲು ಜಾಗ ಸಿಗುವುದು ಕಷ್ಟ. ಮದುವೆಯ ಕಾಲ ಬಂತೆಂದರೆ ಚಿಕ್ಕಪೇಟೆಯದೂ ಅದೇ ಸ್ಥಿತಿ. ಆದರೆ ಒಂದು ಕಾಲಕ್ಕೆ ಇಡೀ ಊರನ್ನೇ ಸೆಳೆಯುತ್ತಿದ್ದ ಎಂ.ಜಿ. ರಸ್ತೆಗೂ ಚಿತ್ರಮಂದಿರಗಳ ಕೆಂಪೇಗೌಡ ರಸ್ತೆಗೂ ಹಳೆಯ ಕಳೆ ಉಳಿದಿಲ್ಲ. ಬಡಾವಣೆಗಳ ಜನರನ್ನು ನಗರದ ನಡುಭಾಗಕ್ಕೆ ಮತ್ತೆ ಕರೆತರಬೇಕೆಂಬ ಮಾತು ಬೆಂಗಳೂರಿನಲ್ಲಿ ಮೆಟ್ರೊ ಓಡಲು ಶುರುವಾದಂದಿನಿಂದ ಒಂದಲ್ಲ ಒಂದು ಯೋಜನೆಯ ಹೆಸರಿನಲ್ಲಿ ಕೇಳಿಬರುತ್ತಲೇ ಇದೆ. ಆ ಜನ ದೂರವಾದದ್ದು ಏಕೆ ಎಂಬ ಪ್ರಶ್ನೆಗೆ ಮಾತ್ರ ಯೋಜನೆಗಳಲ್ಲಿ ಅಷ್ಟು ಜಾಗ ಸಿಕ್ಕಿಲ್ಲ.

ಮೊದಲಿಗೆ, ಬೆಂಗಳೂರಿಗೆ ನಡುಭಾಗವೆಂಬುದು ಒಂದೇ ಅಲ್ಲ. 1537ರಲ್ಲಿ ಕೆಂಪೇಗೌಡ ಕಟ್ಟಿಸಿದ ಪೇಟೆ ಕಸುಬಿಗೊಂದು ಬೀದಿಯಂತೆ ಬೆಳೆಯಿತು. ಅಕ್ಕಿಪೇಟೆ, ಅರಳೆಪೇಟೆ, ಬಳೆಪೇಟೆ, ಗಾಣಿಗರಪೇಟೆ, ತರಗುಪೇಟೆಗಳು ಇಂದಿಗೂ ಅದೇ ಹೆಸರಿನಲ್ಲಿವೆ. ಬ್ರಿಟಿಷರು 1809ರಲ್ಲಿ ಪೂರ್ವದಿಕ್ಕಿಗೆ ದಂಡು ಪ್ರದೇಶವನ್ನು ಸ್ಥಾಪಿಸಿದರು. ಇವೆರಡರ ಆಡಳಿತ ಬೇರೆ, ಭಾಷೆ ಬೇರೆ, ಅಂಗಡಿ ಬೀದಿ ಬೇರೆ. 1949ರಲ್ಲಿ ಎರಡೂ ಪುರಸಭೆಗಳನ್ನು ಸೇರಿಸಿ ಒಂದೇ ನಗರಪಾಲಿಕೆ ಮಾಡಿದ ಮೇಲೂ, ನಡುವೆ ಕಬ್ಬನ್ ಪಾರ್ಕ್ ಇದ್ದ ಹಾಗೆಯೇ ಈ ಅಂತರವೂ ಉಳಿಯಿತು. ಬಸವನಗುಡಿಯ ಸಂಸಾರಕ್ಕೆ ಪೇಟೆಯೆಂದರೆ ಚಿಕ್ಕಪೇಟೆ ಮತ್ತು ಸಿಟಿ ಮಾರ್ಕೆಟ್, ಅಂದರೆ ಕೆ.ಆರ್. ಮಾರ್ಕೆಟ್. ಫ್ರೇಜರ್ ಟೌನಿನ ಸಂಸಾರಕ್ಕೆ ಕಮರ್ಷಿಯಲ್ ಸ್ಟ್ರೀಟ್.

ಜನರನ್ನು ಪೇಟೆಯಿಂದ ಹೊರಗೆ ಕಳುಹಿಸಿದ್ದು ಮೊದಲು ಪ್ಲೇಗ್. 1898ರಲ್ಲಿ ಆ ಮಾರಿ ಬಡಿದಾಗ ಇಕ್ಕಟ್ಟಿನ ಪೇಟೆಯ ಬೀದಿಗಳು ಖಾಲಿಯಾದವು, ಅಗಲ ರಸ್ತೆಗಳ ಬಸವನಗುಡಿ ಮತ್ತು ಮಲ್ಲೇಶ್ವರ ತುಂಬಿದವು. ಈ ಬಡಾವಣೆಗಳನ್ನು ಯೋಜಿಸಿದವರು ಅವುಗಳೊಳಗೇ ದೇವಸ್ಥಾನ, ಶಾಲೆ, ಉದ್ಯಾನ, ಮಾರುಕಟ್ಟೆಗಳಿಗೆ ಜಾಗ ಬಿಟ್ಟಿದ್ದರು. ಸೊಪ್ಪು, ಹೂವು, ತರಕಾರಿಗೆ ಬಸವನಗುಡಿಯ ಗಾಂಧಿ ಬಜಾರು ಅಥವಾ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆ ಸಾಕು. ರೇಷ್ಮೆ ಸೀರೆ, ಹಿತ್ತಾಳೆ ಪಾತ್ರೆ, ಒಡವೆಗೆ ಪೇಟೆ ಬೇಕು. ಸ್ವಾತಂತ್ರ್ಯದ ನಂತರ 1948ರಲ್ಲಿ ಆರಂಭವಾದ ಜಯನಗರ ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ದಿನಸಿ, ಬಟ್ಟೆ, ಬಸ್ ನಿಲ್ದಾಣ, ಸಾಲದ್ದಕ್ಕೆ ಒಂದು ಚಿತ್ರಮಂದಿರ, ಎಲ್ಲವೂ ಒಂದೇ ಆವರಣಕ್ಕೆ ಬಂದವು. ಬಡಾವಣೆಗಳನ್ನು ಸ್ವಯಂಪೂರ್ಣ ಮಾಡಿದ್ದು ನಗರದ್ದೇ ನೀತಿ. ಮುಂದೆ ನಡುಭಾಗ ಸೊರಗಿತೆಂದು ಕೊರಗಿದ್ದೂ ಅದೇ ನಗರ.

ಆದರೂ ಹಲವು ದಶಕಗಳ ಕಾಲ ಜನ ಬರುತ್ತಲೇ ಇದ್ದರು, ಏಕೆಂದರೆ ಬಸ್ಸುಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ನೀರು ಬತ್ತಿದ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ರೈಲು ನಿಲ್ದಾಣದ ಎದುರಿಗೇ, ಬಸ್ ನಿಲ್ದಾಣ ಎದ್ದ ಮೇಲೆ ಮೆಜೆಸ್ಟಿಕ್ ಮುಟ್ಟದೆ ಊರಿನ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗುವುದೇ ಅಪರೂಪವಾಯಿತು. ಬಸ್ಸಿನ ಬೋರ್ಡಿನ ಮೇಲೆ ಮೆಜೆಸ್ಟಿಕ್, ಮಾರ್ಕೆಟ್, ಶಿವಾಜಿನಗರ, ಈ ಮೂರರಲ್ಲಿ ಒಂದು ಇದ್ದೇ ಇರುತ್ತಿತ್ತು. ಸುತ್ತಮುತ್ತಲಿನ ಚಿತ್ರಮಂದಿರಗಳಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ. ಹೊಸ ಕನ್ನಡ ಚಿತ್ರ ಗೆದ್ದಿತೋ ಸೋತಿತೋ ಎಂಬುದು ಕೆಂಪೇಗೌಡ ರಸ್ತೆಯ ಮುಖ್ಯ ಚಿತ್ರಮಂದಿರದ ಮುಂದಿನ ಕಟೌಟು ಮತ್ತು ಸಾಲಿನಿಂದಲೇ ತೀರ್ಮಾನವಾಗುತ್ತಿತ್ತು. 1968ರಲ್ಲಿ ತೆರೆದ ಕಪಾಲಿಯ ಅಗಲವಾದ ಪರದೆಯನ್ನು ನೋಡುವುದಕ್ಕೆಂದೇ ಜನ ದೂರದ ಊರುಗಳಿಂದ ಬರುತ್ತಿದ್ದರು. ದಂಡಿನ ಕಡೆ ಎಂ.ಜಿ. ರಸ್ತೆಯಲ್ಲಿ 1936ರ ಪ್ಲಾಜಾ, ಪುಸ್ತಕದಂಗಡಿಗಳು, ಇಂಡಿಯಾ ಕಾಫಿ ಹೌಸ್, ಇವುಗಳಿಗೆ ಎದುರಾಗಿ ಮರಗಳ ನೆರಳಿನ ಬುಲೆವಾರ್ಡ್. ಏನೂ ಕೊಳ್ಳದೆ ಸುಮ್ಮನೆ ಅಡ್ಡಾಡಿ ಬರುವುದಕ್ಕೂ ಅದು ತಕ್ಕ ಜಾಗವಾಗಿತ್ತು.

ಈ ಸೆಳೆತ ಒಂದೇ ಏಟಿಗೆ ಕಡಿಯಲಿಲ್ಲ. 2004ರಲ್ಲಿ ಕೋರಮಂಗಲದ ಫೋರಂ ಮಾಲ್, 2010ರಲ್ಲಿ ಮಲ್ಲೇಶ್ವರದ ಮಂತ್ರಿ ಸ್ಕ್ವೇರ್ ಮಾಲ್ ತೆರೆದಾಗ ಬಡಾವಣೆಯವರಿಗೆ ಸಿನಿಮಾ, ಬಟ್ಟೆ, ತಿಂಡಿ ಮನೆಯ ಹತ್ತಿರವೇ, ಅದೂ ಕಾರು ನಿಲ್ಲಿಸುವ ಜಾಗದೊಂದಿಗೆ, ಸಿಕ್ಕವು. ಐಟಿ ಕಂಪನಿಗಳು ವೈಟ್‌ಫೀಲ್ಡ್ ಮತ್ತು ಹೊರವರ್ತುಲ ರಸ್ತೆಗಳನ್ನು ಹಿಡಿದ ಮೇಲೆ ಕೆಲಸಕ್ಕಾಗಿ ನಡುಭಾಗಕ್ಕೆ ಬರಬೇಕಾದವರ ಪ್ರಮಾಣವೂ ಇಳಿಯಿತು. ಅಲಂಕಾರ್, ಗೀತಾ, ಹಿಮಾಲಯ, ಸಾಗರ್ ಚಿತ್ರಮಂದಿರಗಳು ಒಂದೊಂದಾಗಿ ಹೋದವು, ಕಪಾಲಿಯೂ ಉಳಿಯಲಿಲ್ಲ. 2007ರಲ್ಲಿ ಶುರುವಾದ ಮೆಟ್ರೊ ಕಾಮಗಾರಿಗೆ ಬುಲೆವಾರ್ಡ್ ಬಲಿಯಾಯಿತು, ಪ್ಲಾಜಾ ನೆಲಸಮವಾಯಿತು. ಕಾಫಿ ಹೌಸ್ 2009ರಲ್ಲಿ ಎಂ.ಜಿ. ರಸ್ತೆ ಬಿಟ್ಟು ಚರ್ಚ್ ಸ್ಟ್ರೀಟ್ ಸೇರಿತು. ವರ್ಷಗಟ್ಟಲೆ ತಗಡಿನ ಬೇಲಿ ಮತ್ತು ದೂಳಿನ ನಡುವೆ ಇದ್ದ ರಸ್ತೆಯನ್ನು ಜನ ಮರೆತರೆಂದರೆ ತಪ್ಪು ಅವರದಲ್ಲ.

ಮತ್ತೆ ಕರೆತಂದದ್ದೂ ಮೆಟ್ರೊವೇ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿತು. ಆರೇ ನಿಲ್ದಾಣಗಳ ಆ ದಾರಿಯಲ್ಲಿ ಸಂಸಾರ ಸಮೇತ ಸುಮ್ಮನೆ ಹೋಗಿ ಬಂದವರಿಗೆ ಲೆಕ್ಕವಿಲ್ಲ. ಹಳೆಯ ಬುಲೆವಾರ್ಡ್ ಇದ್ದ ಜಾಗದಲ್ಲಿ, ಮೆಟ್ರೊ ಹಳಿಗಳ ಕೆಳಗೆ, 2013ರಲ್ಲಿ ರಂಗೋಲಿ ಕಲಾ ಕೇಂದ್ರ ತಲೆಯೆತ್ತಿತು. 2018ರಲ್ಲಿ ಚರ್ಚ್ ಸ್ಟ್ರೀಟಿಗೆ ಗ್ರಾನೈಟ್ ಕಲ್ಲುಗಳನ್ನು ಹಾಸಿ, ಪಾದಚಾರಿ ಮಾರ್ಗವನ್ನು ಅಗಲಗೊಳಿಸಿ, ತಂತಿ ಮತ್ತು ಕೊಳವೆಗಳನ್ನು ನೆಲದಡಿಗೆ ಸೇರಿಸಲಾಯಿತು. ಕೋವಿಡ್ ವರ್ಷದ 2020ರ ನವೆಂಬರ್‌ನಿಂದ ಮುಂದಿನ ಫೆಬ್ರುವರಿವರೆಗೆ ವಾರಾಂತ್ಯದಲ್ಲಿ ಅಲ್ಲಿಗೆ ವಾಹನಗಳನ್ನು ಬಿಡಲಿಲ್ಲ. ಕಾರು ಬಾರದಿದ್ದರೆ ಗಿರಾಕಿಯೂ ಬರುವುದಿಲ್ಲ ಎನ್ನುವುದು ವ್ಯಾಪಾರಿಗಳ ಹಳೆಯ ಅಂಜಿಕೆ. ಆ ವಾರಾಂತ್ಯಗಳಲ್ಲಿ ಜನ ನಡುರಸ್ತೆಯಲ್ಲೇ ನಡೆದರು, ಹಾಡಿದರು, ಚಿತ್ರ ಬಿಡಿಸಿದರು. ಪ್ರಯೋಗ ಮುಗಿದೊಡನೆ ವಾಹನಗಳು ವಾಪಸಾದವು. ಇಷ್ಟು ಸಲೀಸಾಗಿ ಕೈಬಿಡಬಹುದಾದದ್ದನ್ನು ಯೋಜನೆ ಎನ್ನಬೇಕೋ ಉತ್ಸವ ಎನ್ನಬೇಕೋ ತಿಳಿಯದು. ಈ ನಡುವೆ 2019ರಲ್ಲಿ ಮೆಟ್ರೊ ನಿಲ್ದಾಣದ ಕೆಲಸಕ್ಕೆಂದು ಕಾಮರಾಜ ರಸ್ತೆಯನ್ನು ಮುಚ್ಚಿದ್ದರಿಂದ ಎಂ.ಜಿ. ರಸ್ತೆ ಮತ್ತು ಕಮರ್ಷಿಯಲ್ ಸ್ಟ್ರೀಟ್ ನಡುವಣ ನೇರ ದಾರಿ ವರ್ಷಗಳ ಕಾಲ ಕಡಿದುಹೋಗಿತ್ತು.

ಇಷ್ಟೆಲ್ಲ ಕಲ್ಲುಹಾಸು ಮತ್ತು ಉತ್ಸವ ನಡೆದದ್ದು ಹೆಚ್ಚಾಗಿ ದಂಡಿನ ಕಡೆ. ಪೇಟೆಯತ್ತ ಜನರನ್ನು ಯಾರೂ ಕರೆಯಲಿಲ್ಲ, ಅವರು ಬರುವುದನ್ನು ನಿಲ್ಲಿಸಲೂ ಇಲ್ಲ. ಕಾರಣ ಸರಳ: ಅಲ್ಲಿ ಸಿಗುವುದು ಬಡಾವಣೆಯಲ್ಲಿ ಸಿಗುವುದಿಲ್ಲ, ಸಿಕ್ಕರೂ ಆ ಬೆಲೆಗೆ ಸಿಗುವುದಿಲ್ಲ. ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಚಪ್ಪಲಿ ಬಿಟ್ಟು ಬಿಳಿ ಹಾಸಿನ ಮೇಲೆ ಕೂತವರ ಮುಂದೆ ಮಾರಾಟದವರು ಒಂದರ ಮೇಲೊಂದು ಸೀರೆ ಬಿಡಿಸಿ ಎಸೆಯುತ್ತಾರೆ. ಸೆರಗು ನೋಡಿ, ಅಂಚು ಮುಟ್ಟಿ, ‘ಇದೇ ಬಣ್ಣದಲ್ಲಿ ಸ್ವಲ್ಪ ತಿಳಿ ತೋರಿಸಿ’ ಎಂದು ಅತ್ತೆ ಹೇಳುವಷ್ಟರಲ್ಲಿ ಸೊಸೆ ಮೂರನೆಯದನ್ನು ಆರಿಸಿರುತ್ತಾಳೆ. ಅಲ್ಲಿಂದ ಪಾತ್ರೆಗೆ, ಬಳೆಗೆ, ಲಗ್ನಪತ್ರಿಕೆ ಅಚ್ಚಿಗೆ ಎಲ್ಲವೂ ನಡೆದೇ ಹೋಗುವ ದೂರ. 2017ರ ಜೂನ್‌ನಲ್ಲಿ ಹಸಿರು ಮಾರ್ಗದ ಚಿಕ್ಕಪೇಟೆ ಮತ್ತು ಕೆ.ಆರ್. ಮಾರ್ಕೆಟ್ ನಿಲ್ದಾಣಗಳು ತೆರೆದ ಮೇಲೆ ಜಯನಗರ, ಬನಶಂಕರಿ, ರಾಜಾಜಿನಗರದವರಿಗೆ ಕಾರು ಎಲ್ಲಿ ನಿಲ್ಲಿಸುವುದೆಂಬ ತಲೆನೋವು ತಪ್ಪಿತು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದದ್ದು ಇದಕ್ಕೆ ಕೂಡಿಕೊಂಡಿತು. ನಡುಭಾಗಕ್ಕೆ ಜನರನ್ನು ಕರೆಯುವ ಯೋಜನೆಯೆಂದು ಯಾರೂ ಹೆಸರಿಡದ ಈ ಎರಡರಿಂದ ಆದಷ್ಟು ಕೆಲಸ ಹೆಸರಿಟ್ಟು ಮಾಡಿದ ಯೋಜನೆಗಳಿಂದ ಆಗಿಲ್ಲವೆಂದೇ ನನ್ನ ಎಣಿಕೆ.

ಹಾಗೆ ಬಂದವರಿಗೆ ಪೇಟೆಯಲ್ಲಿ ಸಿಗುವುದೇನು? ಅವೆನ್ಯೂ ರಸ್ತೆಯಲ್ಲಿ ತಳ್ಳುಗಾಡಿ, ಸ್ಕೂಟರು, ಮೂಟೆ ಹೊತ್ತ ಹಮಾಲರು ಒಂದೇ ಜಾಗಕ್ಕೆ ಪೈಪೋಟಿ ನಡೆಸುತ್ತಾರೆ. ಕುಡಿಯುವ ನೀರಾಗಲಿ, ವಯಸ್ಸಾದವರು ಕೂರಲು ಒಂದು ಬೆಂಚಾಗಲಿ, ಶುಚಿಯಾದ ಶೌಚಾಲಯವಾಗಲಿ ಹುಡುಕಿದರೂ ಸಿಗುವುದು ಕಷ್ಟ.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದಾಗ ಪೇಟೆ, ಗಾಂಧಿನಗರ, ಶಿವಾಜಿನಗರ, ಎಂ.ಜಿ. ರಸ್ತೆಗಳು ಬೆಂಗಳೂರು ಕೇಂದ್ರ ನಗರ ಪಾಲಿಕೆಯ ಪಾಲಿಗೆ ಬಂದವು. ಹಳೆಯ ಎರಡೂ ನಡುಭಾಗಗಳನ್ನು ಸಾವಿರಾರು ಹೊರವಲಯದ ರಸ್ತೆಗಳ ಹೊರೆಯಿಲ್ಲದೆ ನೋಡಿಕೊಳ್ಳುವ ಒಂದು ಸಂಸ್ಥೆ ಇದರಿಂದ ಹುಟ್ಟಿದೆ. ಅದರ ಹಣ ಮೊದಲು ಹೋಗಬೇಕಾದದ್ದು ಇನ್ನೊಂದು ಚರ್ಚ್ ಸ್ಟ್ರೀಟಿಗಲ್ಲ; ಕೆ.ಆರ್. ಮಾರ್ಕೆಟ್ ನಿಲ್ದಾಣದ ಮೆಟ್ಟಿಲಿಂದ ಹೂವಿನ ಮಾರುಕಟ್ಟೆಯ ಬಾಗಿಲವರೆಗಿನ, ಮೆಜೆಸ್ಟಿಕ್‌ನಿಂದ ಚಿಕ್ಕಪೇಟೆಯವರೆಗಿನ ಕಾಲುದಾರಿಗಳಿಗೆ.