ಚಾಟರ್‌ಬಿಲ್ಲು: ಕವೆಯನ್ನಲ್ಲ, ರಬ್ಬರನ್ನು ನೋಡಿ

ಮೊದಲ ಚಾಟರ್‌ಬಿಲ್ಲು ಕೊಳ್ಳಲು ಹೊರಟವರು ಸಾಮಾನ್ಯವಾಗಿ ನೋಡುವುದು ಕವೆಯನ್ನು. ಉಕ್ಕಿನದೋ ಅಲ್ಯೂಮಿನಿಯಮ್ಮಿನದೋ, ಹಿಡಿ ಅಂಗೈಗೆ ಕೂರುತ್ತದೋ, ಗುರಿ ಹಿಡಿಯಲು ಲೇಸರ್ ಬೇರೆ ಇದೆಯೋ! ಬೆಲೆ ಏರುವುದೂ ಅದರಿಂದಲೇ. ಆದರೆ ಗೋಲಿಯನ್ನು ಹಾರಿಸುವುದು ಕವೆಯಲ್ಲ. ಸೀಬೆ ಗಿಡದಿಂದ ಕಡಿದು ಒಣಗಿಸಿದ ಕವಲು ಕೊಂಬೆಯೊಂದು ಬಿರುಕಿಲ್ಲದೆ ಗಟ್ಟಿಯಾಗಿ ನಿಂತರೆ ಅದರ ಪಾಲಿನ ಕೆಲಸ ಮುಗಿಯಿತು. ಮಿಕ್ಕಿದ್ದೆಲ್ಲ ರಬ್ಬರಿನದು.

ಆದ್ದರಿಂದಲೇ ಚಾಟರ್‌ಬಿಲ್ಲಿಗೆ ಇನ್ನೂರು ವರ್ಷವೂ ತುಂಬಿಲ್ಲ. ಕವಣೆ ಬಹಳ ಹಳೆಯದು ನಿಜ. ಜೋಳದ ಹೊಲದ ಅಟ್ಟಣೆ ಏರಿ ಹಕ್ಕಿ ಓಡಿಸಲು ಬೀಸುವ ಕವಣೆಯಲ್ಲಿ ಇರುವುದು ಹಗ್ಗ ಮತ್ತು ತೋಳಿನ ಬೀಸು ಮಾತ್ರ. ಹಗ್ಗ ಶಕ್ತಿಯನ್ನು ಕೂಡಿಟ್ಟುಕೊಳ್ಳುವುದಿಲ್ಲ. ಬಿಸಿಲಿಗೆ ಅಂಟಾಗದ, ಚಳಿಗೆ ಸೆಟೆದುಕೊಳ್ಳದ ರಬ್ಬರು ಕೈಗೆ ಬಂದದ್ದು ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಕಾಯಿಸುವ ವಿಧಾನ ಕಂಡುಕೊಂಡ ಮೇಲೆ. ಅಮೆರಿಕದಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿದ್ದು 1844ರಲ್ಲಿ.

ಅಗಲವಾದ ರಬ್ಬರ್ ಬ್ಯಾಂಡೊಂದನ್ನು ಸರಕ್ಕನೆ ಎಳೆದು ಮೇಲ್ದುಟಿಗೆ ತಾಗಿಸಿ ನೋಡಿ. ಬೆಚ್ಚಗಿರುತ್ತದೆ. ಎಳೆದೇ ಹಿಡಿದುಕೊಂಡು, ಆ ಬಿಸಿ ಆರಿದ ಮೇಲೆ ತಟ್ಟನೆ ಸಡಿಲಿಸಿ ಮತ್ತೆ ತುಟಿಗೆ ತಾಗಿಸಿದರೆ ತಣ್ಣಗಿರುತ್ತದೆ. 1805ರಷ್ಟು ಹಿಂದೆಯೇ ಇದನ್ನು ವರದಿ ಮಾಡಿದವನು ಇಂಗ್ಲೆಂಡಿನ ಕೆಂಡಲ್ ಊರಿನ ಜಾನ್ ಗಫ್. ಸಿಡುಬಿನಿಂದ ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡಿದ್ದ ಆತ ಉಷ್ಣಮಾಪಕದ ಬದಲು ತನ್ನ ತುಟಿಯನ್ನೇ ನಂಬಿದ್ದ.

ಉಕ್ಕಿನ ಸ್ಪ್ರಿಂಗ್ ಎಳೆದರೆ ಪರಮಾಣುಗಳ ನಡುವಿನ ಬಂಧಗಳೇ ಜಗ್ಗುತ್ತವೆ. ರಬ್ಬರಿನ ಕಥೆ ಬೇರೆ. ಅದರ ಉದ್ದುದ್ದ ಅಣುಸರಪಳಿಗಳು ತಟ್ಟೆಯ ಮೇಲಿನ ಶಾವಿಗೆಯಂತೆ ಸಿಕ್ಕುಸಿಕ್ಕಾಗಿರುತ್ತವೆ, ಶಾಖದಿಂದ ಸದಾ ತುಯ್ದಾಡುತ್ತಲೂ ಇರುತ್ತವೆ. ಎಳೆದಾಗ ಅವು ಒಂದೇ ದಿಕ್ಕಿಗೆ ಸಾಲುಗೂಡುತ್ತವೆ. ಬಿಟ್ಟ ಕೂಡಲೇ ಅದೇ ತುಯ್ದಾಟ ಅವನ್ನು ಹಳೆಯ ಸಿಕ್ಕಿಗೆ ಎಳೆದೊಯ್ಯುತ್ತದೆ. ಗೋಲಿಯನ್ನು ತಳ್ಳುವುದು ಈ ಸೆಳೆತವೇ. ಕೊರೆಯುವ ಚಳಿಯಲ್ಲಿ ಹೊಡೆತ ಮಂದವಾಗುವುದೂ ಸರಪಳಿಗಳ ಚುರುಕು ತಗ್ಗುವುದರಿಂದ.

ನಮ್ಮ ಹಳ್ಳಿ ಹುಡುಗರು ಕಟ್ಟುವುದು ಹಳೆಯ ಸೈಕಲ್ ಟ್ಯೂಬು. ಪುಕ್ಕಟೆ ಸಿಗುತ್ತದೆ, ಎಳೆಯಲು ಬಿಗಿಯಾಗಿದೆ, ಹಾಗಾಗಿ ಜೋರಾಗಿ ಹೊಡೆಯುತ್ತದೆಂಬ ನಂಬಿಕೆ. ಈಗಿನ ಟ್ಯೂಬುಗಳಲ್ಲಿ ಹಲವು ಬ್ಯುಟೈಲ್ ಎಂಬ ಕೃತಕ ರಬ್ಬರಿನವು. ಅದರ ಸರಪಳಿಗಳಿಗೆ ಉದ್ದಕ್ಕೂ ಪುಟ್ಟ ಮೀಥೈಲ್ ಗುಂಪುಗಳು ಅಂಟಿಕೊಂಡು ಒತ್ತೊತ್ತಾಗಿ ಕೂತಿರುವುದರಿಂದ ಗಾಳಿ ನುಸುಳುವುದು ಕಷ್ಟ. ಟ್ಯೂಬಿಗೆ ಬೇಕಾದದ್ದೂ ಅದೇ. ಆದರೆ ಅದೇ ಇಕ್ಕಟ್ಟಿನಿಂದ ಸರಪಳಿಗಳು ಚಕ್ಕನೆ ಹೊರಳಲಾರವು. ನೀವು ಎಳೆದು ತುಂಬಿದ ಶಕ್ತಿಯ ದೊಡ್ಡ ಪಾಲು ಒಳಗೇ ಶಾಖವಾಗಿ ಸೋರುತ್ತದೆ. ಬ್ಯುಟೈಲ್ ಚೆಂಡನ್ನು ನೆಲಕ್ಕೆ ಹಾಕಿದರೆ ಸೋಮಾರಿಯಂತೆ ಅಲ್ಲೇ ಬಿದ್ದಿರುತ್ತದೆ. ತೋಳು ನೋಯುತ್ತದೆ, ಗೋಲಿ ದೂರ ಹೋಗುವುದಿಲ್ಲ.

ಕೊಳ್ಳುವುದಾದರೆ ನೈಸರ್ಗಿಕ ಲೇಟೆಕ್ಸ್ ಪಟ್ಟಿ ಕೊಳ್ಳಿ. ವ್ಯಾಯಾಮಕ್ಕೆಂದು ಮಾರುವ ತೆಳುವಾದ ಲೇಟೆಕ್ಸ್ ಹಾಳೆಯಿಂದ ಕತ್ತರಿಸಿಕೊಂಡರೂ ನಡೆಯುತ್ತದೆ. ಅಳತೆ ನಿಮ್ಮ ತೋಳಿನದು: ಕವೆಯಿಂದ ಕೆನ್ನೆಯವರೆಗಿನ ಎಳೆತ 80 ಸೆಂಟಿಮೀಟರ್ ಇದ್ದರೆ ಪಟ್ಟಿಯ ಹಿಗ್ಗುವ ಭಾಗ ಸುಮಾರು 20 ಇರಲಿ, ಎಂದರೆ ನಾಲ್ಕರಲ್ಲಿ ಒಂದು ಪಾಲು. ಪಟ್ಟಿ ಕವೆಯ ಕಡೆ ಅಗಲವಾಗಿದ್ದು, ಗೋಲಿ ಹಿಡಿಯುವ ಚರ್ಮದ ಕಡೆಗೆ ಕಿರಿದಾಗುತ್ತ ಬರಬೇಕು. ಏಕೆಂದರೆ ಪಟ್ಟಿಯೂ ತನ್ನ ತೂಕವನ್ನು ತಾನೇ ಹೊತ್ತು ಓಡಬೇಕು, ಮತ್ತು ಅತಿ ವೇಗವಾಗಿ ಓಡುವುದು ಚರ್ಮದ ಕಡೆಯ ತುದಿ. ಅಲ್ಲಿ ಉಳಿಸಿದ ಗ್ರಾಮು ಗೋಲಿಯ ವೇಗಕ್ಕೆ ಸೇರುತ್ತದೆ. ಅತಿ ಬಿಗಿಯಾದ ಪಟ್ಟಿ ಮೊದಲಿಗೆ ಬೇಡವೇ ಬೇಡ. ಕೈ ನಡುಗಿದರೆ ಯಾವ ಬಲವೂ ಗುರಿ ಮುಟ್ಟಿಸುವುದಿಲ್ಲ.

ಗೋಲಿಗಳು ಒಂದೇ ಆಕಾರ, ಒಂದೇ ತೂಕದವಾಗಿರಲಿ. ಬೀದಿಯ ಜಲ್ಲಿಕಲ್ಲು ಪ್ರತಿ ಸಲವೂ ಬೇರೆ ಬಗೆಯಲ್ಲಿ ತಿರುಗಿ ಬೇರೆ ದಾರಿ ಹಿಡಿಯುವುದರಿಂದ ತಪ್ಪು ಕೈಯದೋ ಕಲ್ಲಿನದೋ ತಿಳಿಯುವುದೇ ಇಲ್ಲ. 8 ಮಿಲಿಮೀಟರ್ ಉಕ್ಕಿನ ಗುಂಡು ಸುಮಾರು 2 ಗ್ರಾಂ ತೂಗುತ್ತದೆ. ಅದು ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹೊರಟರೂ 10 ಮೀಟರ್ ದಾಟುವಷ್ಟರಲ್ಲಿ ಗುರುತ್ವ ಅದನ್ನು 20 ಸೆಂಟಿಮೀಟರ್ ಕೆಳಗೆ ಎಳೆದಿರುತ್ತದೆ. 5 ಮೀಟರ್ ದೂರಕ್ಕಾದರೆ ಇಳಿತ ಬರೀ 5 ಸೆಂಟಿಮೀಟರ್. ಕಲಿಕೆ ಅಲ್ಲಿಂದಲೇ ಶುರುವಾಗಲಿ, ಅದೂ ಒಣಗಿಸಿದ ಜೇಡಿಮಣ್ಣಿನ ಉಂಡೆಗಳಿಂದ. ಉಕ್ಕು ಗೋಡೆಗೆ ಬಡಿದು ವಾಪಸು ಬರುತ್ತದೆ, ಮಣ್ಣು ಪುಡಿಯಾಗುತ್ತದೆ.

ಗುರಿಗೆ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ಸಾಕು. ಅದರೊಳಗೆ ಹಳೆಯ ಬೆಡ್‌ಶೀಟನ್ನು ಮಡಚಿ ಸಡಿಲವಾಗಿ ನೇತುಹಾಕಿ. ಬಟ್ಟೆ ಹಿಂದಕ್ಕೆ ತೂಗುತ್ತ ಉಂಡೆಯ ಓಟವನ್ನು ನುಂಗುತ್ತದೆ. ಬಿಗಿದು ಕಟ್ಟಿದರೆ ಅದೇ ಬಟ್ಟೆ ಹರಿಯುತ್ತದೆ. ಪ್ರತಿ ಸಲವೂ ಕೆನ್ನೆಯ ಒಂದೇ ಜಾಗಕ್ಕೆ, ಉದಾಹರಣೆಗೆ ಬಾಯಿಯ ಮೂಲೆಗೆ, ಹೆಬ್ಬೆರಳು ತಾಗುವಂತೆ ಎಳೆಯಿರಿ. ಎಳೆತ ಒಂದೆರಡು ಸೆಂಟಿಮೀಟರ್ ಬದಲಾದರೂ ವೇಗ ಬದಲಾಗಿ ಉಂಡೆ ಮೇಲೆ ಕೆಳಗೆ ಬೀಳುತ್ತದೆ. ಎಳೆದ ಮೇಲೆ ಯೋಚಿಸುತ್ತ ನಿಲ್ಲಬೇಡಿ. ಹಿಗ್ಗಿ ನಿಂತ ರಬ್ಬರಿನ ಸೆಳೆತ ಕ್ಷಣಕ್ಷಣಕ್ಕೂ ಸಡಿಲುತ್ತದೆ. ಗೋಲಿಯಿಲ್ಲದೆ ಪಟ್ಟಿಯನ್ನು ಬಿಡಲೂಬೇಡಿ. ಶಕ್ತಿಯನ್ನು ಹೊತ್ತೊಯ್ಯಲು ಏನೂ ಇರದಿದ್ದರೆ ಪಟ್ಟಿ ಮರಳಿ ಬಂದು ಕವೆ ಹಿಡಿದ ಕೈಗೇ ಬಾರಿಸುತ್ತದೆ. ಹಕ್ಕಿಗಳತ್ತ ಗುರಿಯಿಡುವ ಹಳೆಯ ಚಾಳಿಯನ್ನಂತೂ ಮನೆಯಲ್ಲೇ ಬಿಟ್ಟು ಬನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಬೇಟೆ.

ಪಾಲಿಕಾರ್ಬೊನೇಟ್ ಕನ್ನಡಕವಿಲ್ಲದೆ ಒಂದೇ ಒಂದು ಉಂಡೆಯನ್ನೂ ಹಾರಿಸಬಾರದು. ಲೇಟೆಕ್ಸಿಗೆ ಬಿಸಿಲೂ ಗಾಳಿಯಲ್ಲಿನ ಓಝೋನೂ ಶತ್ರುಗಳು. ಓಝೋನ್ ಅದರ ಸರಪಳಿಗಳನ್ನು ತುಂಡರಿಸಿ ಮೇಲ್ಮೈಯಲ್ಲಿ ಕೂದಲೆಳೆಯಂಥ ಸೀಳುಗಳನ್ನು ಮೂಡಿಸುತ್ತದೆ. ಆಟಕ್ಕೆ ಮೊದಲು ಪಟ್ಟಿಯನ್ನು ತುಸು ಹಿಗ್ಗಿಸಿ, ಕಟ್ಟಿದ ಗಂಟುಗಳ ಬಳಿ ಬೆಳಕಿಗೆ ಹಿಡಿದು ನೋಡಿ. ಸೀಳು ಕವೆಯ ಕಡೆ ಇದ್ದರೆ ಒಂದು ಹೊಡೆತಕ್ಕೂ ನಂಬಬೇಡಿ: ಅಲ್ಲಿ ಹರಿದ ಪಟ್ಟಿ ಹಾರಿ ಬರುವುದು ನೇರ ಮುಖಕ್ಕೆ.